ಎಲ್ಲಾನೂ ಸೊನ್ನೆ ಮಾಡಿ ಎಂದ ನನ್ನ ವಿಡಿಯೊ

ನಾನು ಮಾಡಿದ ಒಂದು ವಿಡಿಯೊದಿಂದ, ನಾನು ಮುಖವನ್ನೇ ನೋಡಿರದ ಒಬ್ಬ ಹೆಣ್ಣುಮಗಳ ಕೆಲಸ ಹೋಗುವುದರಲ್ಲಿತ್ತು. ಅದು ನನಗೆ ಗೊತ್ತಾದದ್ದು ಒಂದು ಶುಕ್ರವಾರ ಬೆಳಿಗ್ಗೆ. ಅದಕ್ಕೂ ಮೊದಲಿನ ಎರಡು ವಾರ ನಾನು ಬೇರೆಯೇ ಒಂದು ಜಗಳದಲ್ಲಿದ್ದೆ. ಗೆಲ್ಲುತ್ತಿದ್ದೇನೆ ಅಂತಲೂ ಅಂದುಕೊಂಡಿದ್ದೆ.

ತುಮಕೂರಿನ ಅಂತರಸನಹಳ್ಳಿ ಕಡೆ ನನ್ನದೊಂದು ರಿಪೇರಿ ಅಂಗಡಿ ಇದೆ. ಫ್ಯಾಕ್ಟರಿಗಳ ಕಂಟ್ರೋಲ್ ಬೋರ್ಡುಗಳ ಜೊತೆಗೆ ಹಾಲಿನ ಸಂಘಗಳ ಕೂಲರ್ ಬೋರ್ಡುಗಳೂ ಬರುತ್ತವೆ. ಊರವರು ಹಾಕಿದ ಹಾಲನ್ನು ಟ್ಯಾಂಕರ್ ಬರುವವರೆಗೆ ನಾಲ್ಕು ಡಿಗ್ರಿಯಲ್ಲಿ ತಣ್ಣಗಿಡುವ ದೊಡ್ಡ ಸ್ಟೀಲ್ ಟ್ಯಾಂಕೇ ಈ ಕೂಲರ್. ಅದರಲ್ಲಿ ಒಂದು ಕಂಪನಿಯ ಕೂಲರ್ ಇಷ್ಟು ಗಂಟೆ ಓಡಿದ ಮೇಲೆ ‘ಸರ್ವಿಸ್ ಬಾಕಿ’ ಎಂದು ತೋರಿಸಿ ತನಗೆ ತಾನೇ ಲಾಕ್ ಆಗಿಬಿಡುತ್ತದೆ. ಕಂಪ್ರೆಸರ್ ಓಡುವುದಿಲ್ಲ. ಕಂಪನಿಗೆ ಫೋನ್ ಮಾಡಿದರೆ ಒಂದು ಕೋಡ್ ಕೊಡುತ್ತಾರೆ. ಕೋಡ್ ಕೆಲಸ ಮಾಡದಿದ್ದರೆ ಅವರ ಎಂಜಿನಿಯರ್ ಬರಬೇಕು. ಎಂಜಿನಿಯರ್ ಬರುವುದಕ್ಕೆ ಮೂರೋ ನಾಲ್ಕೋ ದಿನ. ಅಲ್ಲಿಯವರೆಗೆ ಹಾಲು ಕೂತಿರುತ್ತದೆಯೇ?

ಗುಬ್ಬಿ ತಾಲ್ಲೂಕು ಸಿ.ಎಸ್. ಪುರದ ಕಡೆಯ ಒಂದು ಸಂಘದಲ್ಲಿ ಹೀಗಾದಾಗ ನಾನು ಬೇರೆ ದಾರಿ ಹುಡುಕಿದೆ. ಎರಡು ಬಟನ್ ಒಟ್ಟಿಗೆ ಒತ್ತಿ ಹಿಡಿದು ಕರೆಂಟ್ ಕೊಟ್ಟರೆ ಎಂಜಿನಿಯರ್‌ಗಳು ಬಳಸುವ ಪುಟ ತೆರೆಯುತ್ತದೆ. ಅಲ್ಲಿ ಮೆಷಿನ್ ಓಡಿದ ಗಂಟೆಗಳನ್ನು ಸೊನ್ನೆ ಮಾಡಿದರೆ ಲಾಕ್ ಬಿಡುತ್ತದೆ. ಇದನ್ನೇ ಒಂಬತ್ತು ನಿಮಿಷದ ವಿಡಿಯೊ ಮಾಡಿ ಇಂಟರ್ನೆಟ್ಟಿಗೆ ಹಾಕಿದೆ. ಅರ್ಥವಾಗಲಿ ಎಂದು ಕಂಪನಿಯ ಸರ್ವಿಸ್ ಪುಸ್ತಕದ ಎರಡು ಪುಟಗಳನ್ನೂ ತೋರಿಸಿದ್ದೆ. ಕೊನೆಯಲ್ಲಿ ನನ್ನ ಫೋನ್ ನಂಬರ್ ಹಾಕಿದ್ದೆ.

ಅಬ್ಬಾ, ಎಂಥಾ ಗಲಾಟೆ! ಕೆಳಗೆ ಕಾಮೆಂಟುಗಳಲ್ಲಿ ದೊಡ್ಡ ಜಗಳವೇ ಶುರುವಾಯಿತು. ‘ದುಡ್ಡು ಕೊಟ್ಟು ತಗೊಂಡ ಮೆಷಿನ್ ನಮ್ಮದು, ಅದಕ್ಕೆ ಬೀಗ ಹಾಕೋಕೆ ಕಂಪನಿ ಯಾವನು?’ ಎಂದು ಒಬ್ಬ. ‘ಪ್ರೋಗ್ರಾಮ್ ಬರೆದವನಿಗೆ ಹಕ್ಕಿಲ್ವಾ? ನಿನ್ನ ಅಂಗಡಿ ಬೀಗ ನಾನು ಒಡೆದರೆ ಸುಮ್ಮನಿರ್ತೀಯಾ?’ ಎಂದು ಇನ್ನೊಬ್ಬ. ಸರ್ಕಾರ ಕಾನೂನು ತರಬೇಕು ಎನ್ನುವವರು ಒಂದಷ್ಟು ಜನ, ಸರ್ಕಾರ ಬಂದರೆ ಇನ್ನೂ ಕೆಡುತ್ತದೆ ಎನ್ನುವವರು ಒಂದಷ್ಟು ಜನ. ನಾನಂತೂ ಊಟ ಬಿಟ್ಟು ಎಲ್ಲರಿಗೂ ಉತ್ತರ ಕೊಡುತ್ತಿದ್ದೆ. ನನ್ನದು ಮೊದಲೇ ಶಾರ್ಟ್ ಟೆಂಪರು. ಯಾರಾದರೂ ಒಂದು ಅನುಮಾನ ಎತ್ತಿದರೆ ಸಾಕು, ಎರಡು ಬೈದು ಕಳಿಸುತ್ತಿದ್ದೆ.

ಒಂದು ದಿನ ವಿಡಿಯೊ ಮಾಯ. ಕಂಪನಿ ಹಕ್ಕುಸ್ವಾಮ್ಯದ ದೂರು ಕೊಟ್ಟಿದೆ, ಅದಕ್ಕೆ ತೆಗೆದಿದ್ದೇವೆ ಎಂದು ಆ ತಾಣದವರಿಂದ ಮೇಲ್ ಬಂತು. ಐದನೇ ದಿನಕ್ಕೆ ಅಂಗಡಿಗೆ ರಿಜಿಸ್ಟರ್ಡ್ ಪೋಸ್ಟಿನಲ್ಲಿ ವಕೀಲರ ನೋಟಿಸು. ಪುಸ್ತಕದ ಪುಟ ತೋರಿಸಿದ್ದು ತಪ್ಪು, ಲಾಕ್ ತೆಗೆಯುವುದನ್ನು ಹೇಳಿಕೊಟ್ಟಿದ್ದು ತಪ್ಪು, ಇದರಿಂದ ಹಾಲಿನ ಗುಣಮಟ್ಟಕ್ಕೆ ಅಪಾಯ. ಹದಿನೈದು ದಿನದೊಳಗೆ ಮುಚ್ಚಳಿಕೆ ಬರೆದುಕೊಡಬೇಕು, ಇಲ್ಲದಿದ್ದರೆ ಕೋರ್ಟು. ‘ಹಾಲಿನ ಗುಣಮಟ್ಟಕ್ಕೆ ಅಪಾಯ’ ಎಂಬ ಸಾಲು ಓದಿ ನಾನು ಗಟ್ಟಿಯಾಗಿ ನಕ್ಕುಬಿಟ್ಟೆ. ಲಾಕ್ ಹಾಕಿ ಹಾಲು ಕೆಡಿಸುವವರು ನೀವು, ಅಪಾಯ ನನ್ನಿಂದಲಾ?

ನೋಟಿಸಿನ ಫೋಟೊ ಹಾಕಿದ್ದೇ ತಡ, ಬೆಂಗಳೂರಿನ ಒಬ್ಬ ವಕೀಲರು ತಾವಾಗಿಯೇ ಫೋನ್ ಮಾಡಿದರು. ಇಂಥ ಕೇಸಿಗಾಗಿಯೇ ಕಾಯುತ್ತಿದ್ದೇನೆ, ಫೀಸು ಬೇಡ ಎಂದರು. ಕಲಿಸುವುದಕ್ಕಾಗಿ ಎರಡು ಪುಟ ತೋರಿಸುವುದು ಕಳ್ಳತನವಲ್ಲ, ಕೊಂಡ ಯಂತ್ರವನ್ನು ದುರಸ್ತಿ ಮಾಡಿಸಿಕೊಳ್ಳುವುದು ಕೊಂಡವನ ಹಕ್ಕು ಎಂಬುದು ಅವರ ವಾದ. ಸೋಮವಾರ ಉತ್ತರ ಕಳಿಸುವುದೆಂದು ನಿಶ್ಚಯವಾಯಿತು. ವಿಡಿಯೊವನ್ನು ಮೊದಲೇ ಇಳಿಸಿಕೊಂಡಿದ್ದವರು ಮೊಬೈಲ್ ಗ್ರೂಪುಗಳಲ್ಲಿ ಅದನ್ನು ಹಂಚುತ್ತಲೇ ಇದ್ದರು. ನನಗೆ ಅದೊಂದು ಹೆಮ್ಮೆ.

ಆ ಶುಕ್ರವಾರ ಒಂಬತ್ತು ಗಂಟೆಗೆ ಫೋನ್ ಬಂತು. ಕುಣಿಗಲ್ ತಾಲ್ಲೂಕು, ಮಾರ್ಕೋನಹಳ್ಳಿ ಡ್ಯಾಮ್ ಹತ್ತಿರದ ಒಂದು ಮಹಿಳಾ ಹಾಲು ಸಂಘದ ಕಾರ್ಯದರ್ಶಿ.

“ಅಣ್ಣಾ, ನಿಮ್ ವಿಡಿಯೊ ನೋಡ್ಕಂಡು ಲಾಕ್ ತೆಗ್ದೆ ಕಣಣ್ಣಾ. ತೆಗೀತು. ಆದ್ರೆ ನೆನ್ನೆ ಟ್ಯಾಂಕರ್‌ನವ್ರು ಹಾಲು ಬ್ಯಾಡ ಅಂದ್ಬುಟ್ರು. ಮಿಷಿನ್‌ನಾಗೆ ನಾಕ್ ಡಿಗ್ರಿ ಐತೆ, ಅವ್ರ ಥರ್ಮಾಮೀಟರ್ ಒಂಬತ್ತು ತೋರಿಸ್ತೈತೆ. ರಾತ್ರಿ ಹಾಲೆಲ್ಲ ಹುಳಿ ಬಂತು. ಸುರಿದ್ಬುಟ್ವಿ. ಇವತ್ತಿಂದು ಟ್ಯಾಂಕ್‌ನಾಗೈತೆ. ನಾಕ್ ಗಂಟೆಗೆ ಟ್ಯಾಂಕರ್ ಬತ್ತದೆ. ನಾಳೆ ಒಕ್ಕೂಟದ ಆಫೀಸರ್ ಬಂದು ನನ್ನ ವಿಚಾರಣೆ ಮಾಡ್ತಾರಂತೆ.”

“ಏನೂ ಮುಟ್ಟಬೇಡಿ ಅಕ್ಕಾ, ಬಂದೆ” ಎಂದು ಗಾಡಿ ಹತ್ತಿದೆ. ಕುಣಿಗಲ್ ದಾಟುವವರೆಗೂ ಡಿಗ್ರಿ ಅಳೆಯುವ ಸೆನ್ಸರ್ ಕೆಟ್ಟಿರಬೇಕು, ಕಂಪನಿಯದೇ ಡಬ್ಬಾ ಮಾಲು ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ.

ಅಲ್ಲಿ ತಲುಪಿದಾಗ ಹನ್ನೊಂದು ದಾಟಿತ್ತು. ಗೋಡೆಯಲ್ಲಿ ಶಿವನ ಫೋಟೊ, ಅದರ ಕೆಳಗೆ ವಿಭೂತಿ ಬಟ್ಟಲು, ಪಕ್ಕದಲ್ಲಿ ಕೂಲರ್. ಕಾರ್ಯದರ್ಶಿಗೆ ನಲವತ್ತರ ಆಸುಪಾಸು. ಅತ್ತು ಅತ್ತು ಕಣ್ಣು ಕೆಂಪಾಗಿತ್ತು, ಮಾತು ಮಾತ್ರ ಗಟ್ಟಿ. ನನ್ನ ಥರ್ಮಾಮೀಟರ್ ಹಾಲಿಗೆ ಇಳಿಸಿದೆ. ಮೆಷಿನ್ ಪರದೆಯಲ್ಲಿ ನಾಲ್ಕು, ನನ್ನದರಲ್ಲಿ ಎಂಟೂವರೆ. ಹಾಲು ತಣ್ಣಗಾಯಿತೆಂದು ಮೆಷಿನ್ನೇ ತಪ್ಪು ತಿಳಿದು ಕಂಪ್ರೆಸರ್ ನಿಲ್ಲಿಸುತ್ತಿತ್ತು.

“ಏನೇನ್ ಒತ್ತಿದ್ರಿ, ಹೇಳಿ ಅಕ್ಕಾ.”

ಆಕೆ ಮೊಬೈಲ್ ತೆಗೆದು ನನ್ನ ವಿಡಿಯೊವನ್ನೇ ಹಾಕಿದರು. ಏಳನೇ ನಿಮಿಷದಲ್ಲಿ ನಾನು, ನನ್ನದೇ ಧ್ವನಿ, ಬೀಗುತ್ತಾ ಹೇಳುತ್ತಿದ್ದೆ: “ಈ ಪೇಜಲ್ಲಿ ಇರೋದೆಲ್ಲಾನೂ ಸೊನ್ನೆ ಮಾಡಿ, ಓಕೆ ಒತ್ತಿ. ಮುಗೀತು!”

ಆ ಪುಟದಲ್ಲಿ ಎರಡು ಸಾಲಿರುತ್ತದೆ. ಮೊದಲನೆಯದು ಓಡಿದ ಗಂಟೆ. ಎರಡನೆಯದು ಸೆನ್ಸರ್ ತಿದ್ದುಪಡಿ, ಅಂದರೆ ಸೆನ್ಸರ್ ಎಷ್ಟು ಕಡಿಮೆ ತೋರಿಸುತ್ತದೋ ಅಷ್ಟನ್ನು ಕೂಡಿಸಿಕೊಳ್ಳುವ ಅಂಕಿ. ಸಿ.ಎಸ್. ಪುರದ ಮೆಷಿನ್ನಿನಲ್ಲಿ ಎರಡನೇ ಸಾಲು ಮೊದಲೇ ಸೊನ್ನೆ ಇತ್ತು, ಹಾಗಾಗಿ ನಾನು ಅದರ ಕಡೆ ನೋಡಲೇ ಇಲ್ಲ. ಇಲ್ಲಿ ಸೆನ್ಸರ್ ಬದಲಾಯಿಸಿದ್ದರು, ಯಾವುದೋ ಅಂಕಿ ಹಾಕಿದ್ದರು. ನನ್ನ ಮಾತು ಕೇಳಿ ಆಕೆ ಅದನ್ನೂ ಅಳಿಸಿದ್ದರು. ಒಂದೇ ಮಾತು. ಮೊದಲನೇ ಸಾಲು ಮಾತ್ರ ಎಂದು ಹೇಳಿದ್ದರೆ ಮುಗಿಯುತ್ತಿತ್ತು.

“ಎರಡನೇ ಸಾಲಲ್ಲಿ ಎಷ್ಟಿತ್ತು, ನೆನಪಿದೆಯಾ?”

“ಇಲ್ಲ ಕಣಣ್ಣಾ. ಸೊನ್ನೆ ಮಾಡಿ ಅಂದ್ರಿ, ಮಾಡ್ದೆ.”

ಅಂಕಿ ಗೊತ್ತಿಲ್ಲದಿದ್ದರೆ ಹುಡುಕಲು ಒಂದೇ ದಾರಿ. ಐಸು ಪುಡಿ ಮಾಡಿ ನೀರಿನಲ್ಲಿ ಕಲಸಿದರೆ ಅದು ಸರಿಯಾಗಿ ಸೊನ್ನೆ ಡಿಗ್ರಿ ಇರುತ್ತದೆ. ಸೆನ್ಸರ್ ಕಿತ್ತು ಅದರಲ್ಲಿ ಮುಳುಗಿಸಬೇಕು. ಪರದೆ ಸೊನ್ನೆಗಿಂತ ಎಷ್ಟು ಕೆಳಗೆ ತೋರಿಸುತ್ತದೋ ಅಷ್ಟೇ ತಿದ್ದುಪಡಿ. ಆದರೆ ಆ ಊರಿನಲ್ಲಿ ಐಸೆಲ್ಲಿ? ಊರಿನ ಅಂಗಡಿಯ ಫ್ರಿಜ್ಜಿನಲ್ಲಿ ಬರೀ ಜ್ಯೂಸ್ ಪಾಕೆಟ್. ಡ್ಯಾಮ್ ಬಳಿ ಮೀನು ಹುರಿದು ಮಾರುವವರ ಹತ್ತಿರ ಐಸ್ ಪೆಟ್ಟಿಗೆ ಇತ್ತು. ಹೋಗಿ ಒಂದು ಚೀಲ ತಂದೆ.

ಬಾಗಿಲಲ್ಲೇ ಆಕೆ ತಡೆದರು. “ಮೀನಿನ ಐಸಾ? ಡೈರಿ ಒಳಗಾ? ಅಯ್ಯೋ ಶಿವನೇ, ಬ್ಯಾಡ ಕಣಣ್ಣಾ. ನಮ್ ಹೆಂಗಸ್ರು ನಾಳೆಯಿಂದ ಹಾಲೇ ಹಾಕಲ್ಲ.”

“ಅಕ್ಕಾ, ಹನ್ನೆರಡು ಗಂಟೆ ಆಗ್ತಾ ಬಂತು.”

ಆಕೆ ಒಂದು ಸಲ ಫೋಟೊ ಕಡೆ, ಒಂದು ಸಲ ಟ್ಯಾಂಕ್ ಕಡೆ ನೋಡಿದರು. ಆಮೇಲೆ ಹೊರಗಿನಿಂದ ಸುಣ್ಣ ಬಳಿಯುವ ಹಳೇ ಡಬ್ಬ ತಂದು ಕಿಟಕಿಯ ಆಚೆ ಸ್ಟೂಲಿನ ಮೇಲೆ ಇಟ್ಟರು. “ಆಚೆಗೇ ಇಕ್ಕಳಿ. ಕಂಬಿ ಸಂದಿಂದ ವೈರು ಬುಡಿ. ಆಮ್ಯಾಕೆ ಬಿಸಿನೀರು ಸೋಡ ಹಾಕಿ ನಾನೇ ತೊಳೀತೀನಿ.”

ವೈರು ಕಷ್ಟಪಟ್ಟು ಕಿಟಕಿ ಮುಟ್ಟಿತು. ಪರದೆಯ ಅಂಕಿ ಇಳಿಯುತ್ತಾ ಹೋಗಿ ಸೊನ್ನೆ ದಾಟಿ ಮೈನಸ್ ನಾಲ್ಕೂವರೆಯಲ್ಲಿ ನಿಂತಿತು. ಐದು ನಿಮಿಷ ಕಾದೆ, ಅಲುಗಲಿಲ್ಲ. ಆಕೆ ತೊಳೆದು ಕೊಟ್ಟ ಸೆನ್ಸರನ್ನು ವಾಪಸ್ ಕೂರಿಸಿ, ಎರಡನೇ ಸಾಲಿಗೆ ನಾಲ್ಕೂವರೆ ಹಾಕಿ ಓಕೆ ಒತ್ತಿದೆ. ಪರದೆಯೂ ಎಂಟೂವರೆ ತೋರಿಸಿತು. ಕಂಪ್ರೆಸರ್ ಗುರ್ ಎಂದು ಎದ್ದಿತು.

ಆಗಲೇ ಪರದೆಯ ಮೂಲೆಯಲ್ಲಿದ್ದ ಟೈಮು ಕಣ್ಣಿಗೆ ಬಿತ್ತು. ನನ್ನ ಮೊಬೈಲಿಗಿಂತ ಇಪ್ಪತ್ತೈದು ನಿಮಿಷ ಮುಂದೆ. ಗೋಡೆಯ ಗಡಿಯಾರವೂ ಅಷ್ಟೇ ಮುಂದೆ.

“ಇದ್ಯಾಕೆ ಅಕ್ಕಾ ಹೀಗೆ?”

“ಅದು ನಾವೇ ಇಟ್ಟಿರೋದು. ಏಳೂವರೆಗೆ ಹಾಲ್ ತಕ್ಕಳೋ ಕಿಟಕಿ ಮುಚ್ತೀವಿ ಅಂದ್ರೆ ಎಂಟಕ್ಕೆ ಕ್ಯಾನ್ ಹಿಡ್ಕಂಡು ಬತ್ತಾರೆ. ಅದ್ಕೆ ಗಡಿಯಾರ ಮುಂದಿಟ್ಟೆ. ಮಿಷಿನ್ ಟೈಮ್ ತೋರ್ಸಿ ಜಗಳ ತೆಗುದ್ರು. ಅದನ್ನೂ ಮುಂದಿಟ್ಟೆ.”

ನನಗೆ ನಗು ಬಂತು, ಅಳುವೂ ಬಂತು. ಕಂಪನಿಯವರು ಫೋನಿನಲ್ಲಿ ಕೊಡುವ ಕೋಡಿಗೆ, ಅವರ ಗಡಿಯಾರದಲ್ಲಿ ಕೊಟ್ಟ ಹೊತ್ತಿನಿಂದ, ಹತ್ತೇ ನಿಮಿಷ ಆಯುಸ್ಸು. ಆ ಹತ್ತು ನಿಮಿಷವನ್ನು ಎಣಿಸುವುದು ಮೆಷಿನ್ನಿನ ಗಡಿಯಾರ. ಆಕೆ ಮೂರು ಸಲ ಕೋಡ್ ಕೇಳಿ ಹಾಕಿದ್ದರು. ಮೂರೂ ಬರುವ ಮೊದಲೇ ಸತ್ತಿದ್ದವು. ಗಡಿಯಾರ ಸರಿಯಿದೆಯಾ ಎಂದು ಕಂಪನಿಯವರೂ ಕೇಳಲಿಲ್ಲ. ಬೋರ್ಡ್ ಹೋಗಿದೆ, ಎಂಜಿನಿಯರ್ ನಾಲ್ಕು ದಿನ ಬಿಟ್ಟು ಬರುತ್ತಾರೆ ಎಂದರು. ಅಷ್ಟು ಹೊತ್ತಿಗೆ ಯಾವುದೋ ಗ್ರೂಪಿನಿಂದ ನನ್ನ ವಿಡಿಯೊ ಬಂದಿತ್ತು.

ಮೂರು ಗಂಟೆಗೆ ಸಂಘದ ಅಧ್ಯಕ್ಷೆ ಬಂದರು. ನನ್ನ ಕಡೆ ತಿರುಗಿಯೂ ನೋಡದೆ ಕಾರ್ಯದರ್ಶಿಗೆ ಹೇಳಿದರು: “ಮೊಬೈಲ್ ನೋಡ್ಕಂಡು ಮಿಷಿನ್ ಮುಟ್ಟು ಅಂತ ನಿಂಗ್ಯಾರ್ ಹೇಳಿದ್ದೇ? ನಾಳೆ ಆಫೀಸರ್ ಮುಂದೆ ನಂದೇ ತಪ್ಪು ಅಂತ ಬರ್ಕೊಟ್ಟು ಕೆಲ್ಸ ಬುಟ್ಬುಡು. ನಮ್ಮನ್ನ್ ಎಳೀಬ್ಯಾಡ.”

ಇಂಟರ್ನೆಟ್ಟಿನಲ್ಲಿ ಎರಡು ವಾರ ಬಾಯಿ ಮುಚ್ಚದವನು ಅಲ್ಲಿ ಸ್ಕ್ರೂಡ್ರೈವರ್ ಒರೆಸುತ್ತಾ ನಿಂತಿದ್ದೆ. ಅದನ್ನು ನೆನೆಸಿಕೊಂಡರೆ ಈಗಲೂ ನಾಚಿಕೆಯಾಗುತ್ತದೆ.

ನಾಲ್ಕಕ್ಕೆ ಟ್ಯಾಂಕರ್ ಬಂತು. ಡ್ರೈವರ್ ತನ್ನ ಥರ್ಮಾಮೀಟರ್ ಇಳಿಸಿ, ಎತ್ತಿ, ಬೆಳಕಿಗೆ ಹಿಡಿದು, ಮತ್ತೆ ಇಳಿಸಿದ. ಸ್ವಲ್ಪ ಹಾಲು ಕುದಿಸಿ ಒಡೆಯುತ್ತದೆಯಾ ನೋಡಿದ. ಕಾರ್ಯದರ್ಶಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ನಿಂತಿದ್ದರು. “ಸರಿ ಐತೆ, ಪೈಪ್ ಹಾಕ್ರಮ್ಮಾ” ಎಂದ. ಆ ದಿನದ ಹಾಲು ಉಳಿಯಿತು. ಆಕೆಯ ಕೆಲಸದ ಪ್ರಶ್ನೆ ಹಾಗೇ ಉಳಿದಿತ್ತು.

ವಾಪಸ್ ಬರುವಾಗ ಕುಣಿಗಲ್‌ನಲ್ಲಿ ಟೀ ಅಂಗಡಿ ಮುಂದೆ ಗಾಡಿ ನಿಲ್ಲಿಸಿ ವಕೀಲರಿಗೆ ಎಲ್ಲ ಹೇಳಿದೆ.

“ನೋಡಿ, ಸುಳ್ಳು ಹೇಳಿ ಅಂತ ನಾನು ಹೇಳ್ತಿಲ್ಲ. ಸುಮ್ನಿರಿ ಅಂತ ಹೇಳ್ತಿದೀನಿ. ಸೋಮವಾರ ಉತ್ತರ ಹೋಗೋವರೆಗೂ ಬಾಯಿ ಬಿಡಬೇಡಿ. ಹಾಲಿಗೆ ಅಪಾಯ ಅಂತ ಅವರು ಸುಮ್ನೆ ಬರ್ದಿದ್ದು. ಅದಕ್ಕೆ ಸಾಕ್ಷಿ ನೀವೇ ಕೊಟ್ರೆ ಕೇಸ್ ಮುಗೀತು. ನಿಮ್ಮೊಬ್ಬರದ್ದಲ್ಲ, ನಾಳೆ ರಿಪೇರಿ ಮಾಡೋ ಎಲ್ಲರದ್ದೂ.”

“ಆ ಅಕ್ಕನ ಕೆಲಸ?”

“ಆಮೇಲೆ ನೋಡೋಣ.”

ಅವರ ಮಾತಿನಲ್ಲಿ ನ್ಯಾಯವಿಲ್ಲ ಎನ್ನಲಾರೆ. ನಾಲ್ಕು ದಿನ ಕಾಯಿಸುವ ಆ ಲಾಕ್ ಅನ್ಯಾಯ ಎಂದು ಆಗಲೂ ನಂಬಿದ್ದೆ, ಈಗಲೂ ನಂಬಿದ್ದೇನೆ. ನಾನೊಬ್ಬ ಬಾಯಿ ಬಿಟ್ಟರೆ ಆ ನಂಬಿಕೆಗೇ ಏಟು ಬೀಳುತ್ತದೆ. ಸರಿ, ಸುಮ್ಮನಿರೋಣ ಎಂದುಕೊಂಡೇ ಟೀ ಕುಡಿದೆ. ಗ್ರೂಪುಗಳಲ್ಲಿ ಓಡಾಡುತ್ತಿರುವ ವಿಡಿಯೊಗೆ ಏನು ಮಾಡುವುದು ಎಂದು ಯೋಚಿಸುತ್ತಾ, ಆ ಏಳನೇ ನಿಮಿಷದ ಬಗ್ಗೆ ಮೊದಲೇ ಯಾರಾದರೂ ಏನಾದರೂ ಅಂದಿದ್ದರಾ ಎಂದು ನೋಡಬೇಕೆನಿಸಿತು. ವಿಡಿಯೊ ಜೊತೆ ಕಾಮೆಂಟುಗಳೂ ಹೋಗಿದ್ದವು. ಆದರೆ ಪ್ರತಿ ಕಾಮೆಂಟಿಗೂ, ಅದರ ಉತ್ತರಕ್ಕೂ ನನಗೊಂದು ಮೇಲ್ ಬರುತ್ತಿತ್ತು, ಅವು ಹಾಗೇ ಇದ್ದವು. ಒಂದೊಂದೇ ತೆರೆಯುತ್ತಾ ಹೋದೆ.

ಸಿಕ್ಕಿತು. ವಿಡಿಯೊ ಹಾಕಿದ ಎರಡನೇ ದಿನ ಒಬ್ಬ ಬರೆದಿದ್ದ: ‘ಸರ್, ಎಲ್ಲಾ ಸೊನ್ನೆ ಮಾಡಿ ಅನ್ನಬೇಡಿ. ಸೆನ್ಸರ್ ಕರೆಕ್ಷನ್ ಕೂಡ ಆ ಪೇಜಲ್ಲೇ ಇರುತ್ತೆ. ಹಾಲು ಕೆಡುತ್ತೆ.’ ಅದರ ಕೆಳಗೆ ನನ್ನ ಉತ್ತರ: ‘ಕಂಪನಿಯವರು ಎಷ್ಟು ಕೊಟ್ರು ಗುರು?’ ಆ ಉತ್ತರವನ್ನು ಆಗ ಮೆಚ್ಚಿಕೊಂಡವರೂ ಇದ್ದರು.

ಗೊತ್ತಿಲ್ಲದೆ ಆಯಿತು ಎಂದು ಹೇಳಿಕೊಳ್ಳುವ ದಾರಿಯೂ ಅಲ್ಲಿಗೆ ಮುಚ್ಚಿತು. ಹೇಳಿದ್ದರು, ನಾನು ಕೇಳಿರಲಿಲ್ಲ. ವಾದ ಮಾಡುವ ಭರದಲ್ಲಿ ನನಗೆ ಮೆಷಿನ್ನೂ ಕಂಡಿರಲಿಲ್ಲ, ಹಾಲೂ ಕಂಡಿರಲಿಲ್ಲ. ಇನ್ನೊಂದು ವಿಷಯವೂ ಆಗಲೇ ಹೊಳೆಯಿತು. ಕಂಪನಿಯ ದೂರಿನಿಂದ ನನ್ನ ವಿಡಿಯೊವೇನೂ ಸತ್ತಿರಲಿಲ್ಲ, ಕೈಯಿಂದ ಕೈಗೆ ಹೋಗುತ್ತಲೇ ಇತ್ತು. ಸತ್ತದ್ದು ಅದರ ಕೆಳಗಿದ್ದ ಆ ಎಚ್ಚರಿಕೆ ಮಾತ್ರ. ನಾನು ತಿದ್ದಿ ಬರೆಯುವುದಕ್ಕೂ ಈಗ ಜಾಗವಿರಲಿಲ್ಲ.

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಮನೆಯಲ್ಲಿ ನಮ್ಮ ಮಾತು ಉರ್ದು, ಅವಳು ಹೇಳಿದ್ದನ್ನು ಕನ್ನಡದಲ್ಲಿ ಬರೆಯುತ್ತೇನೆ: “ಊರಿಗೆಲ್ಲಾ ಕೇಳೋ ಹಾಗೆ ತಪ್ಪು ಹೇಳಿಕೊಟ್ರಿ. ಈಗ ಸರಿಯಾದ್ದನ್ನ ಹೇಳೋಕೆ ವಕೀಲರ ಪರ್ಮಿಶನ್ ಬೇಕಾ?” ಅಷ್ಟು ಹೇಳಿ ರೊಟ್ಟಿ ಹಾಕಲು ಒಳಗೆ ಹೋದಳು.

ಹೊಸ ವಿಡಿಯೊ ಮಾಡಿದೆ. ಎರಡೇ ನಿಮಿಷ. ಕಂಪನಿಯ ಪುಸ್ತಕ ತೋರಿಸಲಿಲ್ಲ, ಲಾಕ್ ತೆಗೆಯುವುದನ್ನೂ ತೋರಿಸಲಿಲ್ಲ. ನಾನು ಹೇಳಿದ್ದು ತಪ್ಪು, ಎರಡನೇ ಸಾಲು ಮುಟ್ಟಬೇಡಿ, ಮುಟ್ಟಿದ್ದರೆ ಬೇರೆ ಥರ್ಮಾಮೀಟರಿನಲ್ಲಿ ಹಾಲು ನೋಡಿ, ಕಂಪನಿಯ ಕೋಡ್ ಹಿಡಿಯದಿದ್ದರೆ ಮೊದಲು ಗಡಿಯಾರ ನೋಡಿ. ಎಲ್ಲ ಗ್ರೂಪುಗಳಿಗೂ ಕಳಿಸಿದೆ. ಆಮೇಲೆ ವಕೀಲರಿಗೆ ಒಂದು ಸಾಲು ಬರೆದೆ: ನಾಳೆ ಮಾರ್ಕೋನಹಳ್ಳಿಗೆ ಹೋಗುತ್ತಿದ್ದೇನೆ, ಕ್ಷಮಿಸಿ.

ಶನಿವಾರ ಬೆಳಿಗ್ಗೆ ಸಂಘದಲ್ಲಿ ಒಕ್ಕೂಟದ ಅಧಿಕಾರಿ ಕುರ್ಚಿಯಲ್ಲಿ ಕೂತಿದ್ದರು. ಅಧ್ಯಕ್ಷೆ ಪಕ್ಕದಲ್ಲಿ. ನಾಲ್ಕು ದಿನ ಬೇಕು ಎಂದಿದ್ದ ಕಂಪನಿಯ ಎಂಜಿನಿಯರ್, ಹಾಲು ಕೆಟ್ಟ ಸುದ್ದಿ ಮುಟ್ಟಿದ ಮೇಲೆ ಬೆಳಿಗ್ಗೆಯೇ ಹಾಜರು. ಕಾರ್ಯದರ್ಶಿಯ ಮುಂದೆ ಬಿಳಿ ಹಾಳೆ, ಪೆನ್ನು. ಆಕೆ ಇನ್ನೂ ಬರೆದಿರಲಿಲ್ಲ.

“ಸಾರ್, ಆ ಹಾಳೆ ನನಗೆ ಕೊಡಿ” ಎಂದೆ. ನಿಂತೇ ಬರೆದೆ. ವಿಡಿಯೊ ನನ್ನದು, ಎಲ್ಲವನ್ನೂ ಸೊನ್ನೆ ಮಾಡಿ ಎಂದು ಹೇಳಿದ್ದು ನಾನು, ಒಬ್ಬರು ಎಚ್ಚರಿಸಿದರೂ ನಾನು ತಿದ್ದಲಿಲ್ಲ, ಕಾರ್ಯದರ್ಶಿಯವರು ನಾನು ಹೇಳಿದಂತೆಯೇ ಮಾಡಿದ್ದಾರೆ. ಹೆಸರು, ವಿಳಾಸ, ಸಹಿ.

ಅಧಿಕಾರಿ ಓದಿ ಕನ್ನಡಕ ತೆಗೆದರು. “ಇದು ಕಂಪನಿ ವಕೀಲರ ಕೈಗೆ ಹೋಗುತ್ತೆ. ಗೊತ್ತೇನ್ರೀ?”

“ಗೊತ್ತು ಸಾರ್.”

ಎಂಜಿನಿಯರ್ ಆಗಲೇ ಮೊಬೈಲಿನಲ್ಲಿ ಅದರ ಫೋಟೊ ತೆಗೆದುಕೊಳ್ಳುತ್ತಿದ್ದ. ಕಾರ್ಯದರ್ಶಿ ಪೆನ್ನು ಕಿತ್ತುಕೊಂಡು, ನನ್ನ ಸಹಿಯ ಕೆಳಗೆ ತಾವೂ ಒಂದು ಸಾಲು ಬರೆದರು: ಗಡಿಯಾರ ಮುಂದಿಟ್ಟವಳು ನಾನು. “ಇದ್ನೂ ತೆಕ್ಕೊಳ್ಳಿ ಸಾರ್, ಫೋಟೊ” ಎಂದರು ಎಂಜಿನಿಯರ್‌ಗೆ.

ಮುಂದೆ ಆದದ್ದನ್ನು ಇಲ್ಲೇ ಹೇಳಿಬಿಡುತ್ತೇನೆ. ಆಕೆಗೆ ಒಂದು ಎಚ್ಚರಿಕೆ ಪತ್ರ ಬಂತು, ಕೆಲಸ ಹೋಗಲಿಲ್ಲ. ಕಂಪನಿ ಕೋರ್ಟಿಗೆ ಹೋಗಿದೆ. ಅವರ ಕಾಗದಗಳಲ್ಲಿ ಮೊದಲನೆಯದೇ ನನ್ನ ಆ ಹೇಳಿಕೆ. ವಕೀಲರು ಎರಡು ದಿನ ಮಾತು ಬಿಟ್ಟು, ಮೂರನೇ ದಿನ ಬೈದು, ಕೇಸು ಮುಂದುವರಿಸಿದ್ದಾರೆ. ಹಿಂದೆ ನನ್ನನ್ನು ಹೊತ್ತು ಕುಣಿದವರು ಈಗ ಮಾರಿಕೊಂಡವನು ಎನ್ನುತ್ತಾರೆ. ಉತ್ತರ ಕೊಡಲು ಕೈ ತುರಿಸುತ್ತದೆ, ಕೊಡುತ್ತಿಲ್ಲ. ಮುಚ್ಚಳಿಕೆಗೆ ಇನ್ನೂ ಸಹಿ ಹಾಕಿಲ್ಲ. ಇನ್ನು ಮುಂದೆ ಈ ಯಂತ್ರದ ಬಗ್ಗೆ ಯಾರಿಗೂ ಏನೂ ಹೇಳಿಕೊಡುವುದಿಲ್ಲ ಎಂಬ ಸಾಲು ಅದರಲ್ಲಿದೆ.

ಹಾಕುತ್ತಿದ್ದೆನೇನೋ. ಸೋತು ಸುಸ್ತಾಗಿದ್ದೆ. ಆದರೆ ಆ ಶನಿವಾರ ಎದ್ದು ಹೊರಡುವ ಮೊದಲು ಅಧಿಕಾರಿ ಇನ್ನೊಂದು ಪ್ರಶ್ನೆ ಕೇಳಿದ್ದರು.

“ಎಲ್ಲಾ ಸರಿ ಕಣಮ್ಮಾ. ನಾಳೆ ಮತ್ತೆ ಲಾಕ್ ಆದ್ರೆ ಯಾರಿಗೆ ಫೋನ್ ಮಾಡ್ತೀಯಾ?”

“ಮೊದ್ಲು ಕಂಪನಿಗೇ ಮಾಡ್ತೀನಿ ಸಾರ್. ಆಗ್ನಿಲ್ಲ ಅಂದ್ರೆ ಇವ್ರಿಗೆ.”

“ಇವರಿಂದಲೇ ಅಲ್ವೇನಮ್ಮಾ ಹಾಲು ಹೋಗಿದ್ದು?”

“ಹೂಂ ಸಾರ್” ಎಂದರು ಆಕೆ. “ಅದನ್ನ ಬಂದು ಹೇಳಿದ್ದೂ ಇವ್ರೇ ಅಲ್ವಾ?”